ಬಿರುಕು ಬಿಟ್ಟ ಕೊಂಬಿನ ಕೊರಳಪಟ್ಟಿ: ಒಂದು ಪ್ರಕರಣ ಅಧ್ಯಯನ

ನಮ್ಮ ವರ್ಕ್‌ಶಾಪಿಗೆ ರಿಪೇರಿಗೆ ಬಂದಿದ್ದು ಒಂದು ಕೊರಳಪಟ್ಟಿ. ಎಮ್ಮೆಕೊಂಬಿನ ಐದು ಬಿಲ್ಲೆಗಳು, ಒಂದೊಂದರ ಸುತ್ತಲೂ ಬೆಳ್ಳಿಯ ಕಟ್ಟು, ನಡುನಡುವೆ ಪುಟ್ಟ ಕೀಲುಗಳು. ನಡುವಿನ ಬಿಲ್ಲೆ 28 ಮಿ.ಮೀ. ಅಗಲ, ಅಕ್ಕಪಕ್ಕದವು ಸ್ವಲ್ಪ ಸ್ವಲ್ಪವೇ ಸಣ್ಣವು. ಎಲ್ಲವೂ 3 ಮಿ.ಮೀ. ದಪ್ಪ. ಕಡುಕಪ್ಪಿನ ಒಳಗೆ ಅಲ್ಲಲ್ಲಿ ಜೇನುಬಣ್ಣದ ಗೆರೆ. ವಿನ್ಯಾಸ ನಿಜಕ್ಕೂ ಚೆನ್ನಾಗಿತ್ತು. ಹಾಗಾಗಿಯೇ ಅದರ ಸ್ಥಿತಿ ನೋಡಿ ಬೇಜಾರಾಯಿತು.

ನಡುವಿನ ಬಿಲ್ಲೆ ಬಲ ಅಂಚಿನಿಂದ ಪದರ ಪದರವಾಗಿ ಬಿಚ್ಚಿಕೊಂಡಿತ್ತು. ಎಡಗಡೆಯ ಒಂದು ಬಿಲ್ಲೆ ಕಟ್ಟಿನಿಂದ ಅರ್ಧ ಎದ್ದು ನಿಂತಿತ್ತು, ಅದನ್ನು ಹಿಡಿದಿದ್ದ ಬೆಳ್ಳಿಯ ಅಂಚು ಹೊರಕ್ಕೆ ಬಾಗಿತ್ತು. ಇನ್ನೆರಡರ ಮೇಲೆ ಬೂದು ಮಂಕು ಕವಿದಿತ್ತು. ಸರಿಯಾಗಿ ಉಳಿದಿದ್ದು ಒಂದೇ ಒಂದು.

ಒಡತಿ ಹೇಳಿದ ಕಥೆ ಹೀಗಿತ್ತು. ಚಳಿಗಾಲದಲ್ಲಿ ಉತ್ತರ ಭಾರತದ ಒಂದು ಊರಿಗೆ ಹೋದಾಗ ಕೊಂಡದ್ದು. ಮನೆ ಮಂಗಳೂರಿನಲ್ಲಿ, ಕೆಲಸ ಬೆಂಗಳೂರಿನ ಎಸಿ ಆಫೀಸಿನಲ್ಲಿ. ಮಳೆಗಾಲದಲ್ಲಿ ಊರಿನ ಬೀರುವಿನಲ್ಲಿತ್ತು, ಆಗಲೇ ಒಂದು ಬಿಲ್ಲೆ ಸಡಿಲವಾದಂತೆ ಅನ್ನಿಸಿತಂತೆ. ಬೆಳ್ಳಿ ಕಪ್ಪಾಯಿತೆಂದು ಒಂದು ಅಂಗಡಿಗೆ ಕೊಟ್ಟರು. ಅಲ್ಲಿ ಇಡೀ ಒಡವೆಯನ್ನು ಬೆಳ್ಳಿಯ ಕಪ್ಪು ತೆಗೆಯುವ ದ್ರಾವಣವಾದ ಸಿಲ್ವರ್ ಡಿಪ್‌ನಲ್ಲಿ ಅದ್ದಿ ತೊಳೆದುಕೊಟ್ಟರು. ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಹಾಕಿಕೊಂಡಿದ್ದಾಗ ಕತ್ತಿನ ಹತ್ತಿರ ಟಕ್ ಅಂತ ಸದ್ದಾಯಿತು. ನೋಡಿದರೆ ಬಿರುಕು. ಆಮೇಲೆ ವಿಚಾರಿಸಿದವರೆಲ್ಲ ಹೇಳಿದ್ದು ಒಂದೇ ಮಾತು: ಕೊಂಬು ಅಂದ್ರೆ ಇಷ್ಟೇ, ಬಾಳಿಕೆ ಬರಲ್ಲ, ಬಿಟ್ಬಿಡಿ.

ಈ ಮಾತನ್ನು ನಾನು ಒಪ್ಪುವುದಿಲ್ಲ. ಕೊಂಬಿನ ಬಾಚಣಿಗೆಗಳು ಮೂರು ತಲೆಮಾರು ಬಾಳಿದ್ದನ್ನು ನಮ್ಮ ಎಷ್ಟೋ ಮನೆಗಳು ನೋಡಿವೆ. ಇಲ್ಲಿ ಕೆಟ್ಟಿದ್ದು ಕೊಂಬಲ್ಲ. ಕೊಂಬನ್ನು ಕಲ್ಲು ಅಂದುಕೊಂಡು ಕೂರಿಸಿದ ರೀತಿ ಕೆಟ್ಟಿತ್ತು. ಈ ಒಂದು ಒಡವೆಯನ್ನು ಬಿಚ್ಚಿ ನೋಡಿದರೆ ಆ ಮಾತು ಸ್ಪಷ್ಟವಾಗುತ್ತದೆ.

ಬಿಚ್ಚಿದಾಗ ಕಂಡದ್ದು

ಮೊದಲು ಇದು ನಿಜವಾದ ಕೊಂಬೇ ಅಂತ ಖಾತ್ರಿ ಮಾಡಿಕೊಳ್ಳಬೇಕಿತ್ತು. ಮಾರುಕಟ್ಟೆಯಲ್ಲಿ ಕೊಂಬಿನಂತೆ ಕಾಣುವ ರೆಸಿನ್, ಅಂದರೆ ಅಚ್ಚು ಹಾಕಿದ ಪ್ಲಾಸ್ಟಿಕ್, ಜಾಸ್ತಿ. ನಕಲಿನ ಚರಿತ್ರೆಯೂ ಹಳೆಯದೇ. 19ನೇ ಶತಮಾನದ ಕೊನೆಯಲ್ಲೇ ಜರ್ಮನಿಯಲ್ಲಿ ಹಾಲಿನಲ್ಲಿರುವ ಪ್ರೋಟೀನಾದ ಕೇಸಿನ್‌ನಿಂದ ಗ್ಯಾಲಲಿತ್ ಎಂಬ ಪ್ಲಾಸ್ಟಿಕ್ ಮಾಡಿ, ಕೊಂಬಿನ ಬದಲಿಗೆ ಗುಂಡಿ, ಬಾಚಣಿಗೆಗಳಿಗೆ ಬಳಸಲು ಶುರುಮಾಡಿದ್ದರು. ಬಿಲ್ಲೆಯ ಹಿಂಬದಿಯ ಮೂಲೆಗೆ ಕಾದ ಸೂಜಿ ತಾಗಿಸಿದೆವು. ಕೂದಲು ಸುಟ್ಟ ವಾಸನೆ ಬಂತು. ರೆಸಿನ್ ಆಗಿದ್ದರೆ ಆ ವಾಸನೆ ಬರುವುದಿಲ್ಲ. ಕೂದಲು, ಉಗುರು, ಗೊರಸು, ಕೊಂಬು ಎಲ್ಲ ಒಂದೇ ಪ್ರೋಟೀನಿನ ಬಳಗ, ಕೆರಾಟಿನ್. ಅದರಲ್ಲಿ ಗಂಧಕ ಇದೆ, ವಾಸನೆ ಅದರದ್ದೇ.

ಆಮೇಲೆ ಮೊಬೈಲ್ ಟಾರ್ಚನ್ನು ಬಿಲ್ಲೆಯ ಹಿಂದೆ ಹಿಡಿದು ನೋಡಿದೆವು. ಕೊಂಬಿನ ಕೆಲಸದಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಜೇನುಬಣ್ಣದ ಭಾಗದಲ್ಲಿ ಬೆಳಕು ಹಾಯುತ್ತದೆ, ಪದರಗಳು ಸಣ್ಣ ಗೆರೆಗಳಾಗಿ ಕಾಣುತ್ತವೆ. ನಡುವಿನ ಬಿಲ್ಲೆಯ ಎಡಭಾಗದಲ್ಲಿ ಗೆರೆಗಳು ಮೇಲ್ಮೈಗೆ ಸಮನಾಗಿ ಓಡುತ್ತಿದ್ದವು. ಬಲಕ್ಕೆ ಬರುತ್ತಾ ಓರೆಯಾಗಿ, ಅಂಚಿನಲ್ಲಿ ಕಡಿದುಹೋಗಿದ್ದವು. ಬಿರುಕು ಶುರುವಾಗಿದ್ದು ಸರಿಯಾಗಿ ಅಲ್ಲೇ.

ಇದು ಯಾಕೆ ಅಂತ ತಿಳಿಯಲು ಕೊಂಬು ಬೆಳೆಯುವ ರೀತಿ ಗೊತ್ತಿರಬೇಕು. ಎಮ್ಮೆ, ಹಸು, ಆಡು, ಕುರಿಗಳ ಕೊಂಬಿನ ಒಳಗೆ ಎಲುಬಿನ ತಿರುಳಿರುತ್ತದೆ. ಅದರ ಮೇಲೆ ಒರೆಯಂತೆ ಕೂತಿರುವುದೇ ನಾವು ಬಳಸುವ ಕೊಂಬು. ಅದು ಜೀವನಪೂರ್ತಿ ಬುಡದಿಂದ ಬೆಳೆಯುತ್ತಲೇ ಇರುತ್ತದೆ, ಪದರದ ಮೇಲೆ ಪದರ ಕೂಡುತ್ತದೆ. ಬುಡದ ಕಡೆ ಟೊಳ್ಳು, ತುದಿಯ ಕಡೆ ಗಟ್ಟಿ. ಎಳೆಗಳು ಬುಡದಿಂದ ತುದಿಗೆ ಉದ್ದಕ್ಕೂ ಓಡುತ್ತವೆ. ಜಿಂಕೆ, ಕಡವೆಗಳ ಕವಲುಕೊಂಬು ಬೇರೆಯೇ ವಸ್ತು. ಅದು ಎಲುಬು, ಉದುರಿ ಮತ್ತೆ ಬರುತ್ತದೆ. ಎರಡನ್ನೂ ಒಂದೇ ಅಂದುಕೊಂಡು ಕೆಲಸಕ್ಕೆ ಕೈಹಾಕುವವರನ್ನು ನೋಡಿದ್ದೇನೆ. ಎಲುಬು ಕಾಯಿಸಿದರೆ ಮೆತ್ತಗಾಗುವುದಿಲ್ಲ, ಕೊಂಬು ಆಗುತ್ತದೆ. ಕುಶಲಕರ್ಮಿಗೆ ಇಷ್ಟು ವ್ಯತ್ಯಾಸ ಸಾಕು.

ಬಿಲ್ಲೆಗಳನ್ನು ಹೊರತೆಗೆಯುವುದು ಸುಲಭವಾಗಿರಲಿಲ್ಲ. ಹಿಂದೆ ಪೂರ್ತಿ ಬೆಳ್ಳಿಯ ತಗಡು, ತಗಡಿಗೂ ಕೊಂಬಿಗೂ ನಡುವೆ ಇಡೀ ಹಾಸಿಗೆ ಎಪಾಕ್ಸಿ ಅಂಟು. ತಗಡನ್ನೇ ಗರಗಸದಿಂದ ಕೊಯ್ದು ಬಿಡಿಸಬೇಕಾಯಿತು. ತಗಡಿನಿಂದ ಬಿಟ್ಟ ಬಿಲ್ಲೆಗಳನ್ನು ಮೇಜಿನ ಮೇಲೆ ಸುಮ್ನೆ ಇಟ್ಟೆವು. ದಿನ ಕಳೆದಂತೆ ಅವು ತಾವಾಗಿಯೇ ಬಾಗತೊಡಗಿದವು. ಒಂದು ಹಸಿ ಕೊಂಬಿನ ಹೊರಮೈಗೆ ಒತ್ತಿ ಹಿಡಿದರೆ ಬಾಗು ಅದಕ್ಕೆ ಸರಿಯಾಗಿ ಹೊಂದಿಕೊಳ್ಳುತ್ತಿತ್ತು. ಅಂದರೆ ದುಂಡಗಿದ್ದ ಕೊಂಬನ್ನು ಕಾಯಿಸಿ, ಒತ್ತಿ, ಚಪ್ಪಟೆ ಮಾಡಿ, ಪೂರ್ತಿ ತಣಿಯುವ ಮೊದಲೇ ಕತ್ತರಿಸಿ ಅಂಟಿಸಿದ್ದರು. ಕೊಂಬಿಗೆ ತನ್ನ ಹಳೆಯ ಆಕಾರದ ನೆನಪು ಇರುತ್ತದೆ. ಬಿಸಿಯೋ ತೇವವೋ ಸಿಕ್ಕಿದರೆ ಆ ಕಡೆಗೇ ಎಳೆಯುತ್ತದೆ.

ಇನ್ನೊಂದು ಅಳತೆಯನ್ನೂ ಮಾಡಿದೆವು. ಸರಿಯಾಗಿದ್ದ ಬಿಲ್ಲೆಯನ್ನು ಒಣಗಿದ ಸ್ಥಿತಿಯಲ್ಲಿ ವರ್ನಿಯರ್‌ನಿಂದ ಅಳೆದು, ಒದ್ದೆ ಬಟ್ಟೆ ಇಟ್ಟ ಮುಚ್ಚಿದ ಡಬ್ಬಿಯಲ್ಲಿ ಬಟ್ಟೆಗೆ ತಾಗದಂತೆ ರಾತ್ರಿಯಿಡೀ ಇಟ್ಟೆವು. ಬೆಳಿಗ್ಗೆ ಎಳೆಗೆ ಅಡ್ಡಲಾಗಿ ಹತ್ತಿರ ಹತ್ತಿರ ಅರ್ಧ ಮಿ.ಮೀ. ಹಿಗ್ಗಿತ್ತು. ಎಳೆಯ ಉದ್ದಕ್ಕೆ ಹೆಚ್ಚುಕಮ್ಮಿ ಏನೂ ಇಲ್ಲ. ಕೆರಾಟಿನ್‌ನ ಸ್ವಭಾವವೇ ಅದು. ತಲೆಗೂದಲು ನೀರು ಕುಡಿದಾಗ ಉದ್ದ ಶೇಕಡಾ 2ರಷ್ಟು ಬೆಳೆದರೆ ಹೆಚ್ಚು, ದಪ್ಪ ಮಾತ್ರ ಶೇಕಡಾ 14ರಷ್ಟು ಊದುತ್ತದೆ. ತೇವಕ್ಕೆ ಕೂದಲಿನ ಉದ್ದ ಬದಲಾಗುವ ಈ ಗುಣ ನಂಬಿಕೊಂಡೇ 1783ರಲ್ಲಿ ಸೊಸ್ಯೂರ್ ಎಂಬ ಜಿನೀವಾದ ವಿಜ್ಞಾನಿ ಮನುಷ್ಯನ ಕೂದಲಿನಿಂದ ಗಾಳಿಯ ತೇವ ಅಳೆಯುವ ಉಪಕರಣ ಮಾಡಿದ.

ಈಗ ಈ ಒಡವೆಯ ಒಂದು ವರ್ಷವನ್ನು ಲೆಕ್ಕ ಹಾಕಿ. ಜುಲೈನಲ್ಲಿ ಮಂಗಳೂರಿನ ಗಾಳಿಯ ತೇವಾಂಶ ಶೇಕಡಾ 85 ದಾಟಿರುತ್ತದೆ. ಮಾರ್ಚ್‌ನ ಮಧ್ಯಾಹ್ನ ಬೆಂಗಳೂರಿನಲ್ಲಿ ಅದು ಶೇಕಡಾ 30ರ ಆಸುಪಾಸಿಗೆ ಇಳಿಯುತ್ತದೆ, ಎಸಿ ಬೇರೆ. ಬೆಳ್ಳಿಗೆ ಇದರ ಗೊಡವೆಯೇ ಇಲ್ಲ, ಅದು ಇದ್ದ ಹಾಗೇ ಇರುತ್ತದೆ. ಮಳೆಗಾಲದಲ್ಲಿ ಊದಿದ ಕೊಂಬು ಕಟ್ಟನ್ನು ಒಳಗಿನಿಂದ ಒತ್ತಿತು, ಬೆಳ್ಳಿಯ ಅಂಚು ಬಾಗಿತು, ಒಂದು ಬಿಲ್ಲೆ ಎದ್ದಿತು. ಬೇಸಿಗೆಯಲ್ಲಿ ಕುಗ್ಗಲು ಹೋದರೆ ಕೆಳಗೆ ಎಪಾಕ್ಸಿ ಬಿಗಿಯಾಗಿ ಹಿಡಿದಿತ್ತು. ಕುಗ್ಗಲು ಜಾಗವಿಲ್ಲದ ಬಿಲ್ಲೆ ತನ್ನ ದುರ್ಬಲ ಜಾಗದಲ್ಲಿ, ಅಂದರೆ ಪದರಗಳು ಓರೆಯಾಗಿ ಕಡಿದುಹೋದ ಅಂಚಿನಲ್ಲಿ, ಬಾಯಿಬಿಟ್ಟಿತು. ಬೂದು ಮಂಕು ಸಿಲ್ವರ್ ಡಿಪ್‌ನದು. ಅದರಲ್ಲಿ ಆಮ್ಲ ಇರುತ್ತದೆ. ಪದರಗಳ ನಡುವೆ ಒಮ್ಮೆ ಇಳಿದರೆ ತೊಳೆದು ತೆಗೆಯುವುದು ಕಷ್ಟ.

ಮುಂದೇನು

ಹಳೆಯ ಬಿಲ್ಲೆಗಳನ್ನೇ ಅಂಟಿಸಿ ಕೊಡುವುದು ಸುಲಭದ ದಾರಿ. ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕಥೆ ಅಲ್ವಾ? ಹಾಗಾಗಿ ಬೇಡ ಅಂದೆವು. ಕೊಂಬಿನ ಬದಲು ಕಪ್ಪು ಅಗೇಟ್ ಕಲ್ಲು ಹಾಕಬಹುದು ಅಂತ ಒಂದು ಸಲಹೆ ಬಂತು. ಒಡತಿ ಒಪ್ಪಲಿಲ್ಲ, ಅವರ ಕಾರಣ ಸರಿಯಾಗಿಯೇ ಇತ್ತು. ಈ ಅಳತೆಯ ಒಡವೆಯನ್ನು ದಿನವಿಡೀ ಹಾಕಿಕೊಳ್ಳಲು ಆಗುತ್ತಿದ್ದುದೇ ಅದು ಹಗುರ ಇದ್ದುದರಿಂದ. ಕೊಂಬಿನ ಸಾಂದ್ರತೆ ನೀರಿಗಿಂತ ಸ್ವಲ್ಪ ಜಾಸ್ತಿ, ಸುಮಾರು 1.3. ಅಗೇಟ್ 2.6, ಬೆಳ್ಳಿ 10ರ ಮೇಲೆ. ಅದೇ ಗಾತ್ರದ ಕಲ್ಲು ಎರಡರಷ್ಟು ಭಾರ. ದೊಡ್ಡ ಒಡವೆ, ಕಡಿಮೆ ಭಾರ, ಮೈಗೆ ತಾಗಿದರೆ ಲೋಹದ ಹಾಗೆ ಚುರ್ರೆನ್ನದ ಬೆಚ್ಚನೆಯ ಮೈ: ಇವತ್ತಿನ ವಿನ್ಯಾಸಕಾರರು ಕೊಂಬಿಗೆ ಮರಳಿ ಬರುತ್ತಿರುವುದು ಇದಕ್ಕೇ.

ಕೊಂಬಿನಿಂದಲೇ, ಆದರೆ ಬೇರೆ ರೀತಿಯಲ್ಲಿ, ಪೂರ್ತಿ ಹೊಸದಾಗಿ ಮಾಡುವುದೆಂದು ತೀರ್ಮಾನವಾಯಿತು. ಹಳೆಯದರಿಂದ ಉಳಿಸಿಕೊಂಡಿದ್ದು ಕೀಲುಗಳನ್ನು ಮತ್ತು ಬೆಳ್ಳಿಯನ್ನು ಮಾತ್ರ.

ಕೊಂಬು ತರಿಸಿದ್ದು ಉತ್ತರ ಪ್ರದೇಶದ ಸಂಭಲ್‌ನಿಂದ. ಅಲ್ಲಿನ ಸರಾಯ್ ತರೀನ್‌ನಲ್ಲಿ ಕೊಂಬು ಮತ್ತು ಎಲುಬಿನ ಕೆಲಸವೇ ಜೀವನ. ಬಾಚಣಿಗೆ, ಬಟ್ಟಲು, ಗುಂಡಿ, ಬಳೆ ಎಲ್ಲ ಅಲ್ಲಿಂದ ಹೊರದೇಶಗಳಿಗೆ ಹೋಗುತ್ತವೆ. ಸಂಭಲ್ ಕೊಂಬಿನ ಕುಶಲಕಲೆಗೆ 2023ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿದೆ. ಅಲ್ಲಿ ಕೊಂಬು ಒತ್ತಿ ಚಪ್ಪಟೆ ಮಾಡಿದ ತಗಡುಗಳೂ ಸಿಗುತ್ತವೆ. ನಾವು ಕೇಳಿದ್ದು ಒತ್ತದೇ ಇರುವ, ಉದ್ದಕ್ಕೆ ಸೀಳಿದ ತುಂಡುಗಳನ್ನು. ನಾವು ಹಿಡಿದ ದಾರಿ ಬೇರೆಯಾಗಿದ್ದೇ ಇಲ್ಲಿಂದ.

ಕೊರಳು ದುಂಡಗಿದೆ. ಕೊಂಬೂ ದುಂಡಗಿದೆ. ಹಾಗಿದ್ದ ಮೇಲೆ ಕೊಂಬನ್ನು ಮೊದಲು ಚಪ್ಪಟೆ ಮಾಡಿ, ಆಮೇಲೆ ಚಪ್ಪಟೆ ಬಿಲ್ಲೆಗಳನ್ನು ಕೀಲು ಹಾಕಿ ದುಂಡಗೆ ಜೋಡಿಸುವುದು ಯಾಕೆ? ಕೊಂಬಿನ ಬಾಗೇ ಕೊರಳಿನ ಬಾಗು ಆಗುವಂತೆ ಬಿಲ್ಲೆ ಕತ್ತರಿಸಿದರೆ ಆ ಹಳೆಯ ನೆನಪು ನಮ್ಮ ವಿರುದ್ಧ ಎಳೆಯುವುದಿಲ್ಲ. ಆಗ ತಳಿಯೂ ಮುಖ್ಯವಾಗುತ್ತದೆ. ಮುರ್ರಾ ಎಮ್ಮೆಯ ಕೊಂಬು ಗಿಡ್ಡ, ಬಿಗಿಯಾಗಿ ಸುರುಳಿ ಸುತ್ತಿರುತ್ತದೆ. ಅದರಿಂದ ಉಂಗುರ, ಓಲೆ, ಮಣಿ ಮಾಡಬಹುದು, ಕೊರಳಪಟ್ಟಿ ಆಗದು. ಪಂಢರಪುರಿ ಎಮ್ಮೆಯ ಕೊಂಬು ಕತ್ತಿಯ ಹಾಗೆ ಉದ್ದ. ನಮ್ಮ ಧಾರವಾಡಿ ಎಮ್ಮೆಯದು ಅರ್ಧಚಂದ್ರದ ಬಾಗು. ಧಾರವಾಡ ಪೇಡೆಯ ಹಾಲಿನ ಜೊತೆಗೆ ಈ ಕೊಂಬಿನ ಬಗ್ಗೆಯೂ ಯಾರಾದರೂ ಗಂಭೀರವಾಗಿ ಕೆಲಸ ಮಾಡಿದರೆ ಚೆನ್ನ ಅನ್ನುವುದು ನನ್ನ ಬಹುದಿನದ ಆಸೆ. ಸಂಭಲ್‌ನಿಂದ ಬಂದ ಮೂಟೆಯಲ್ಲಿ ತಳಿ ಬರೆದಿರಲಿಲ್ಲ. ಬಾಗು ನೋಡಿ, ಎಳೆ ನೋಡಿ, ಕೈಯಿಂದ ಆರಿಸಿಕೊಂಡೆವು.

ಆರಿಸಿದ ತುಂಡುಗಳನ್ನು ತಕ್ಷಣ ಮುಟ್ಟಲಿಲ್ಲ. ವರ್ಕ್‌ಶಾಪಿನ ಗಾಳಿಗೆ ಹೊಂದಿಕೊಳ್ಳಲಿ ಅಂತ ಕಪಾಟಿನಲ್ಲಿ ಬಿಡಿಬಿಡಿಯಾಗಿ ಇಟ್ಟು, ಅಳತೆ ಬದಲಾಗುವುದು ನಿಂತ ಮೇಲೆಯೇ ಗರಗಸ ಹಿಡಿದದ್ದು. ಗಿರಾಕಿಗೆ ಅವಸರ ಇರುತ್ತದೆ, ಕೊಂಬಿಗೆ ಇರುವುದಿಲ್ಲ. ಆರ್ಡರ್ ತೆಗೆದುಕೊಳ್ಳುವ ದಿನವೇ ಇದನ್ನು ಹೇಳಿಬಿಡುವುದು ಒಳ್ಳೆಯದು.

ಕೆಲಸ

ಪ್ರತಿ ತುಂಡನ್ನೂ ಟಾರ್ಚ್ ಮುಂದೆ ಹಿಡಿದು, ಪದರಗಳು ಅಂಚಿನವರೆಗೂ ಮೇಲ್ಮೈಗೆ ಸಮನಾಗಿ ಹೋಗುವ ಭಾಗಕ್ಕೆ ಮಾತ್ರ ಪೆನ್ಸಿಲ್ ಗೆರೆ ಎಳೆದೆವು. ಇದರಿಂದ ಅರ್ಧಕ್ಕಿಂತ ಜಾಸ್ತಿ ಕೊಂಬು ಈ ಒಡವೆಗೆ ಬರಲಿಲ್ಲ. ಉಳಿದದ್ದು ವ್ಯರ್ಥವೇನಲ್ಲ. ತುದಿಯ ಗಟ್ಟಿ ಭಾಗದಿಂದ ಮಣಿ ಕಡೆಯಬಹುದು, ಅರದ ಪುಡಿ ಗಿಡಕ್ಕೆ ಒಳ್ಳೆಯ ಸಾರಜನಕ. ಎಳೆ ಕೊರಳಿನ ಸುತ್ತ ಅಡ್ಡಕ್ಕೆ ಓಡುವಂತೆ ಬಿಲ್ಲೆ ಇಟ್ಟೆವು. ಆಗ ಹಿಗ್ಗುವುದು ಕುಗ್ಗುವುದು ಮೇಲಿಂದ ಕೆಳಕ್ಕೆ. ಪಕ್ಕದ ಬಿಲ್ಲೆಗೆ, ಕೀಲಿಗೆ ಅದು ತಾಗುವುದಿಲ್ಲ.

ಎರಡು ಬಿಲ್ಲೆಗಳಿಗೆ ಬಾಗು ಸ್ವಲ್ಪ ತಿದ್ದಬೇಕಿತ್ತು. ಕುದಿಯುವ ನೀರಿನಲ್ಲಿ ಹಾಕಿ, ದಪ್ಪ 4 ಮಿ.ಮೀ. ಇದ್ದುದರಿಂದ ಅರ್ಧ ಗಂಟೆಗೂ ಹೆಚ್ಚು ಬಿಟ್ಟೆವು. ಚಿಮಟದಲ್ಲಿ ಎತ್ತಿ ಮೂಲೆ ಒತ್ತಿದರೆ ಕೊಟ್ಟ ಕಡೆಗೆ ಬಾಗಬೇಕು, ಬೆರಳು ಬಿಟ್ಟರೆ ತಕ್ಷಣ ಹಿಂದಕ್ಕೆ ಹಾರಬಾರದು. ಆ ಹದಕ್ಕೆ ಬಂದ ಕೂಡಲೇ ಬಿಸಿ ಮಾಡಿದ ಮರದ ಅಚ್ಚಿಗೆ ಕೂರಿಸಿ, ಕ್ಲ್ಯಾಂಪ್ ಬಿಗಿದು, ಮಾರನೇ ದಿನದವರೆಗೆ ಮುಟ್ಟಬಾರದು. ಬೆಂಕಿಯ ಮೇಲೆ ನೇರ ಹಿಡಿದು ಬಗ್ಗಿಸುವ ಪದ್ಧತಿಯೂ ಇದೆ, ಕೈ ಪಳಗಿದವರು ಮಾಡುತ್ತಾರೆ. ಒಂದು ಕ್ಷಣ ಜಾಸ್ತಿಯಾದರೂ ಕೊಂಬು ಸುಟ್ಟು ಹಪ್ಪಳದಂತೆ ಮುರಿಯುತ್ತದೆ, ಅದನ್ನು ಮತ್ತೆ ಸರಿಮಾಡಲು ಆಗುವುದಿಲ್ಲ.

ಬೆಳ್ಳಿಯ ಕೆಲಸವೆಲ್ಲ ಕೊಂಬು ಹತ್ತಿರ ಬರುವ ಮೊದಲೇ ಮುಗಿಯಬೇಕು. ಬೆಳ್ಳಿಯ ಬೆಸುಗೆ 700 ಡಿಗ್ರಿಯ ಆಸುಪಾಸು ಕೇಳುತ್ತದೆ, ಕೊಂಬಿಗೆ ಅದರ ಹತ್ತಿರವೂ ಸುಳಿಯಲು ಆಗದು. ಬೆಸುಗೆಯಾದ ಮೇಲೆ ಆಮ್ಲದಲ್ಲಿ ತೊಳೆಯುವುದೂ ಇದೆ. ಹಾಗಾಗಿ ಕೀಲು, ಕೊಂಡಿ, ಚೌಕಟ್ಟು ಎಲ್ಲವನ್ನೂ ಮೊದಲು ಮುಗಿಸಿ, ಕೊನೆಗೆ ಕೊಂಬನ್ನು ಬೆಂಕಿಯಿಲ್ಲದೆ ಜೋಡಿಸಬೇಕು.

ಜೋಡಿಸಿದ್ದು ತುದಿ ಬಡಿದು ಕೂರಿಸುವ ಲೋಹದ ಕಡ್ಡಿಗಳಿಂದ, ಅಂದರೆ ರಿವೆಟ್‌ಗಳಿಂದ. ಸುತ್ತಲೂ ಮುಚ್ಚುವ ಕಟ್ಟು ಬಿಟ್ಟೆವು, ಹಿಂದಿನ ತಗಡನ್ನೂ ಬಿಟ್ಟೆವು. ಪ್ರತಿ ಬಿಲ್ಲೆಯ ಹಿಂದೆ ತೆಳ್ಳನೆಯ ಬೆಳ್ಳಿ ಚೌಕಟ್ಟು ಮಾತ್ರ. ಬಿಲ್ಲೆಯ ನಡುಮಧ್ಯೆ ಒಂದು ರಿವೆಟ್, ಅದು ಬಿಗಿ. ಮೇಲೊಂದು, ಕೆಳಗೊಂದು, ಇವೆರಡರ ತೂತು ಚೌಕಟ್ಟಿನಲ್ಲಿ ದುಂಡಗಿಲ್ಲ, ಉದ್ದುದ್ದ. ರಿವೆಟ್‌ನ ಕಡ್ಡಿಗಿಂತ ಆ ತೂತು ಹಿಗ್ಗುವ ದಿಕ್ಕಿನಲ್ಲಿ 0.5 ಮಿ.ಮೀ. ಜಾಸ್ತಿ. ನಡುವಿನಿಂದ ಎರಡೂ ಕಡೆಗೆ ಅಷ್ಟಷ್ಟು ಜಾಗ ಸಿಕ್ಕರೆ ಒಟ್ಟು ಒಂದು ಮಿ.ಮೀ. ಆಯಿತು, ನಾವು ಅಳೆದಿದ್ದ ಹಿಗ್ಗಿನ ಎರಡರಷ್ಟು. ಕೊಂಬಿಗೂ ರಿವೆಟ್ ತಲೆಗೂ ನಡುವೆ ಸಣ್ಣ ಬೆಳ್ಳಿ ಬಿಲ್ಲೆ ಇಟ್ಟು ಬಡಿದೆವು, ಇಲ್ಲದಿದ್ದರೆ ಸುತ್ತಿಗೆಯ ಏಟು ನೇರ ಕೊಂಬಿನ ಮೇಲೆ ಬಿದ್ದು ತೂತಿನಿಂದಲೇ ಸೀಳುತ್ತದೆ. ಈ ಪುಟ್ಟ ಬೆಳ್ಳಿ ಬಿಲ್ಲೆಗಳು ಮುಂದಿನಿಂದ ಕಾಣುತ್ತವೆ. ಮುಚ್ಚಿಡಲು ಹೋಗಲಿಲ್ಲ, ಅವೇ ಒಡವೆಯ ಚುಕ್ಕಿಗಳಾದವು.

ಇದರಲ್ಲಿ ಹೊಸತೇನೂ ಇಲ್ಲ. 1890ರ ದಶಕದ ಕೊನೆಗೆ ಪ್ಯಾರಿಸ್‌ನಲ್ಲಿ ಒಡವೆ ವಿನ್ಯಾಸಕಾರ ರೆನೆ ಲಾಲೀಕ್ ವಜ್ರ, ಚಿನ್ನಗಳ ಜೊತೆ ಕೊಂಬನ್ನು ತಂದು ಕೂರಿಸಿದಾಗ ಇದೇ ಪ್ರಶ್ನೆ ಎದುರಾಗಿತ್ತು. ಲಿಸ್ಬನ್‌ನ ಗುಲ್ಬೆಂಕಿಯನ್ ಮ್ಯೂಸಿಯಂನಲ್ಲಿ ಅವನ ಆರ್ಕಿಡ್ ಹೂವಿನ ಮುಡಿಬಾಚಣಿಗೆ ಇದೆ. ಹೂವು ದಂತದ್ದು, ಹಲ್ಲುಗಳು ಕೊಂಬಿನವು, ಎರಡರ ನಡುವೆ ಚಿನ್ನದ ಕೀಲು. ಎರಡು ವಸ್ತುಗಳನ್ನು ಅಂಟಿಸದೆ ಅವುಗಳ ನಡುವೆ ಕೀಲು ಇಟ್ಟದ್ದು ಎಷ್ಟು ಜಾಣತನ! ಇಂಥ ವಸ್ತುಗಳ ಅನುಭವ ನಮ್ಮಲ್ಲೂ ಇತ್ತು. ಸಾಗರ, ಸೊರಬದ ಗುಡಿಗಾರರು ಗಂಧದ ಜೊತೆ ದಂತವನ್ನೂ ಕೆತ್ತುತ್ತಿದ್ದರು, ಮೈಸೂರಿನ ಬೀಟೆಮರದ ಕುಸುರಿಯಲ್ಲಿ ದಂತ ಕೂಡಿಸುತ್ತಿದ್ದರು. ದಂತದ ವ್ಯಾಪಾರ ನಿಂತದ್ದು ಸರಿಯಾಗಿಯೇ ಆಯಿತು. ಅದರ ಜಾಗಕ್ಕೆ ಬಂದ ಪ್ಲಾಸ್ಟಿಕ್‌ಗೆ ಹಿಗ್ಗು ಕುಗ್ಗಿನ ಈ ವಿದ್ಯೆ ಬೇಕಾಗಲಿಲ್ಲ, ಹಾಗಾಗಿ ವಿದ್ಯೆಯೂ ಕೈಬಿಟ್ಟಿತು. ಇದು ನನಗೆ ತುಂಬ ನೋವಿನ ವಿಷಯ.

ಬಿಲ್ಲೆಗಳ ಮೈಯನ್ನು ಮೊದಲು ಬ್ಲೇಡಿನಿಂದ ಹೆರೆದು, ಆಮೇಲೆ 400, 800, 1200 ನಂಬರಿನ ಉಜ್ಜುಕಾಗದದಿಂದ ನೀರು ಹಾಕಿ ಉಜ್ಜಿದೆವು. ಒಣಗಿದ್ದಾಗ ಉಜ್ಜಲೇಬಾರದು. ಆ ಪುಡಿ ತೀರ ಸಣ್ಣದು, ಶ್ವಾಸಕೋಶಕ್ಕೆ ಕೆಟ್ಟದು. ಮಾಸ್ಕ್ ಇಲ್ಲದೆ ಕೊಂಬಿನ ಮೆಷಿನ್ ಮುಂದೆ ಕೂರುವವರನ್ನು ಕಂಡರೆ ಈಗಲೂ ಸಂಕಟವಾಗುತ್ತದೆ. ಕೊನೆಗೆ ಸೀಮೆಸುಣ್ಣದ ನಯವಾದ ಪುಡಿ, ಮೆತ್ತನೆಯ ಬಟ್ಟೆ, ತುಸು ಕೊಬ್ಬರಿ ಎಣ್ಣೆ. ವಾರ್ನಿಶ್ ಬೇಡ.

ಬೆಳ್ಳಿಯನ್ನು ಮೊದಲೇ ಆಕ್ಸಿಡೈಸ್ ಮಾಡಿ ಕಪ್ಪಾಗಿಸಿದೆವು. ಗಂಧಕ ಇರುವ ಕೊಂಬಿನ ಪಕ್ಕ ಬೆಳ್ಳಿ ಹೇಗೂ ಮಂಕಾಗುತ್ತದೆ. ಹೊಳೆಯುವ ಬೆಳ್ಳಿ ಇಟ್ಟರೆ ಗಿರಾಕಿ ಮತ್ತೆ ಸಿಲ್ವರ್ ಡಿಪ್ ಹುಡುಕುತ್ತಾರೆ. ಕಪ್ಪು ಬೆಳ್ಳಿಗೆ ಆ ಪ್ರಮೇಯವೇ ಬರುವುದಿಲ್ಲ.

ಒಡತಿ ಕೇಳಿದ ಇನ್ನೊಂದು ಪ್ರಶ್ನೆ

ಇದಕ್ಕಾಗಿ ಎಮ್ಮೆ ಕೊಲ್ಲುತ್ತಾರಾ, ಕಾನೂನು ಏನು ಹೇಳುತ್ತದೆ ಅಂತ ಅವರು ನೇರವಾಗಿ ಕೇಳಿದರು. ನೇರವಾಗಿಯೇ ಉತ್ತರಿಸಬೇಕು. ಕೊಂಬಿಗಾಗಿ ಎಮ್ಮೆ ಸಾಕುವವರಿಲ್ಲ. ಮಾಂಸ ಮತ್ತು ಚರ್ಮದ ಉದ್ಯಮದಲ್ಲಿ ಉಳಿಯುವ ವಸ್ತು ಇದು. ಆ ಉದ್ಯಮವೇ ಬೇಡ ಅನ್ನುವವರಿಗೆ ಕೊಂಬಿನ ಒಡವೆಯೂ ಬೇಡವೆನಿಸಿದರೆ ಅದು ಗೌರವಿಸಬೇಕಾದ ನಿಲುವು. ಅಂಥವರಿಗೆ ಇದನ್ನು ನಾನು ಒತ್ತಾಯಿಸುವುದಿಲ್ಲ, ಇದು ಕೊಂಬಲ್ಲ ಅಂತ ಸುಳ್ಳೂ ಹೇಳುವುದಿಲ್ಲ.

ಸಾಕಿದ ಎಮ್ಮೆಯ ಕೊಂಬು ವನ್ಯಜೀವಿ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಕಾಡೆಮ್ಮೆ, ಕಾಟಿ, ಜಿಂಕೆ, ಕಡವೆಗಳ ಕೊಂಬು 1972ರ ಕಾಯ್ದೆಯಡಿ ಬರುತ್ತದೆ. ಕಾಡಿನಲ್ಲಿ ಬಿದ್ದು ಸಿಕ್ಕಿತು ಅಂದರೂ ಅದನ್ನು ಮಾರುವಂತಿಲ್ಲ, ಒಡವೆ ಮಾಡುವಂತಿಲ್ಲ. ಅಜ್ಜನ ಕಾಲದ ಜಿಂಕೆ ಕೊಂಬು ತಂದು ಪದಕ ಮಾಡಿಕೊಡಿ ಅಂದವರನ್ನು ನಾವು ವಾಪಸ್ ಕಳಿಸಿದ್ದೇವೆ. ಇನ್ನು ಕರ್ನಾಟಕದಲ್ಲಿ 2021ರಿಂದ ಜಾರಿಯಲ್ಲಿರುವ ಜಾನುವಾರು ಹತ್ಯೆ ತಡೆ ಕಾಯ್ದೆಯಲ್ಲಿ 13 ವರ್ಷದೊಳಗಿನ ಎಮ್ಮೆ, ಕೋಣಗಳೂ ಸೇರುತ್ತವೆ. ಆದ್ದರಿಂದ ಕೊಂಬು ಎಲ್ಲಿಂದ ಬಂತು ಅನ್ನುವುದಕ್ಕೆ ಬಿಲ್ ಇರಲೇಬೇಕು. ಈ ಕೊರಳಪಟ್ಟಿಯ ಜೊತೆ ಕೊಟ್ಟ ಕಾಗದದಲ್ಲಿ ಸಾಕಿದ ಎಮ್ಮೆಯ ಕೊಂಬು, ಸಂಭಲ್, ಆಕ್ಸಿಡೈಸ್ಡ್ ಬೆಳ್ಳಿ ಅಂತ ಬರೆದು, ಕೊಂಬಿನ ಬಿಲ್‌ನ ನಕಲನ್ನೂ ಸೇರಿಸಿದೆವು. ಅವರು ಒಡವೆ ಹಾಕಿಕೊಂಡು ವಿಮಾನ ಹತ್ತುವವರು, ಆ ಕಾಗದ ಕೈಯಲ್ಲಿರಲಿ.

ಮಳೆಗಾಲದ ಆಮೇಲೆ

ಒಯ್ಯುವಾಗ ಹೇಳಿ ಕಳಿಸಿದ್ದು ಸ್ವಲ್ಪವೇ. ಸ್ನಾನಕ್ಕೆ ಮೊದಲು ತೆಗೆಯಿರಿ. ಸೆಂಟ್ ಹಾಕಿಕೊಂಡ ಮೇಲೆ ತೊಡಿ, ತೊಟ್ಟ ಮೇಲೆ ಹಾಕಿಕೊಳ್ಳಬೇಡಿ. ಬಿಸಿಲಿನ ಕಾರಿನಲ್ಲಿ ಬಿಡಬೇಡಿ. ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿಡಬೇಡಿ, ಹತ್ತಿ ಬಟ್ಟೆ ಸಾಕು. ಆಗಾಗ ತೆಗೆದು ನೋಡಿ, ಉಣ್ಣೆ ತಿನ್ನುವ ಹುಳ ಕೊಂಬನ್ನೂ ತಿನ್ನುತ್ತದೆ.

ಒಂದು ಮಳೆಗಾಲ ಮಂಗಳೂರಿನಲ್ಲಿ ಕಳೆದು ಕೊರಳಪಟ್ಟಿ ತಪಾಸಣೆಗೆ ಬಂತು. ಐದೂ ಬಿಲ್ಲೆಗಳು ಕೂತಲ್ಲೇ ಇದ್ದವು. ಬಿರುಕು ಎಲ್ಲೂ ಇಲ್ಲ. ಭೂತಗನ್ನಡಿಯಲ್ಲಿ ಉದ್ದುದ್ದ ತೂತುಗಳನ್ನು ನೋಡಿದರೆ ಕಪ್ಪು ಬೆಳ್ಳಿಯ ಮೇಲೆ ರಿವೆಟ್ ಕಡ್ಡಿ ಉಜ್ಜಿದ ಜಾಗ ಬೆಳ್ಳಗೆ ಹೊಳೆಯುತ್ತಿತ್ತು. ತೂತಿನ ಕೊನೆಯವರೆಗೆ ಆ ಗುರುತು ಹೋಗಿರಲಿಲ್ಲ, ಇನ್ನೂ ಜಾಗ ಉಳಿದಿತ್ತು. ಬಾಗು ತಿದ್ದಿದ ಎರಡು ಬಿಲ್ಲೆಗಳಲ್ಲಿ ಒಂದು ಮಾತ್ರ ಅಚ್ಚಿನ ಆಕಾರದಿಂದ ಸ್ವಲ್ಪ ಹಿಂದಕ್ಕೆ ಸರಿದಿದೆ, ಅಂಚಿಗೆ ಬೆರಳು ಹಾಯಿಸಿದರೆ ತಿಳಿಯುವಷ್ಟು. ಒಡತಿಗೆ ತೋರಿಸಿದೆ. ಬಿಚ್ಚಿ ಮತ್ತೆ ಕುದಿಸಿ ತಿದ್ದಬಹುದು, ಆದರೆ ರಿವೆಟ್ ಕತ್ತರಿಸುವಾಗ ತೂತಿಗೆ ಏಟು ಬೀಳುವ ಅಪಾಯ ಇದೆ ಅಂದೆ. ಸದ್ಯಕ್ಕೆ ಹಾಗೇ ಇರಲಿ, ಇನ್ನೊಂದು ಬೇಸಿಗೆ ನೋಡಿ ತೀರ್ಮಾನಿಸೋಣ ಅಂದರು. ಎಣ್ಣೆ ಹಚ್ಚಿ ಒರೆಸಿ ಕೊಟ್ಟೆವು.